ಹಳೆ ಗಾಡಿಯ ಬಾಗಿಲಿನ ಲಾಕ್ ನಾಬ್: ಎಷ್ಟು ಮೇಲಿರಬೇಕು, ಎಷ್ಟು ಕೆಳಗೆ?



ಹೊರಗಿನ ಆರ್ಡರಿಗೆ ಹೊರಡುವಾಗ ನಾವು ಗ್ಯಾಸ್ ಸಿಲಿಂಡರ್ ನೋಡುತ್ತೇವೆ, ಪಾತ್ರೆ ಲೆಕ್ಕ ಮಾಡುತ್ತೇವೆ, ಬಡಿಸುವ ಹುಡುಗರ ಬಟ್ಟೆಯನ್ನೂ ನೋಡುತ್ತೇವೆ. ಗಾಡಿಯ ಬಾಗಿಲು ಒಳಗಿನಿಂದ ತೆರೆಯುತ್ತದೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ನಮ್ಮದು ಹದಿನೈದು ವರ್ಷ ದಾಟಿ, ಮತ್ತೆ ರಿಜಿಸ್ಟ್ರೇಷನ್ ಮಾಡಿಸಿ ಓಡಿಸುವ ಗಾಡಿ. ಡೊಂಬಿವಲಿಯಲ್ಲಿ ಒಂದು ಗೃಹಪ್ರವೇಶದ ಊಟ ಇತ್ತು. ಕೋಪರಖೈರಣೆಯಿಂದ ಮಹಾಪೆ ದಾಟಿ ಶೀಲ್ ಫಾಟಾ ಕಡೆ ಹೋಗುತ್ತಿದ್ದೆವು. ಹಿಂದೆ ಎರಡು ತಪಲೆ ಸಾಂಬಾರು, ಅದನ್ನು ಹಿಡಿದುಕೊಳ್ಳಲು ಒಬ್ಬ ಹುಡುಗ. ಮುಂದಿನ ಟ್ರಕ್ ನಿಂತಿತು ಎಂದು ನಾನು ಬ್ರೇಕ್ ಹಾಕಿದೆ. ಮುಚ್ಚಳ ಜಾರಿ ಬಿಸಿ ಸಾಂಬಾರು ಅವನ ಪಾದದ ಮೇಲೆ ಬಿತ್ತು. "ಅಣ್ಣಾ, ಬಾಗಿಲು ಬರುವುದಿಲ್ಲ" ಎಂದು ಕೂಗಿದ. ಲಾಕಿನ ನಾಬ್ ತೂತಿನೊಳಗೆ ಪೂರ್ತಿ ಇಳಿದಿತ್ತು, ಉಗುರಿಗೂ ಸಿಗುತ್ತಿರಲಿಲ್ಲ. ನಾನು ಇಳಿದು ಓಡಿ ಬಂದರೂ ಹೊರಗಿನಿಂದ ತೆರೆಯಲಾಗಲಿಲ್ಲ, ಏಕೆಂದರೆ ನಮ್ಮ ಗಾಡಿಯ ಹಿಂದಿನ ಬಾಗಿಲಿಗೆ ಬೀಗದ ಕೈ ಹಾಕುವ ತೂತೇ ಇಲ್ಲ. ಕಡೆಗೆ ಮುಂದಿನ ಸೀಟಿನ ಮೇಲಿಂದ ಅವನನ್ನು ಎಳೆದು ಇಳಿಸಿ, ಕುಡಿಯುವ ನೀರಿನ ಕ್ಯಾನನ್ನೇ ಕಾಲಿಗೆ ಸುರಿದೆ. ಒಂದು ವಾರದಲ್ಲಿ ಗುಣವಾಯಿತು. ಆದರೆ ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ.

ಆದದ್ದು ಇಷ್ಟೇ. ಅದಕ್ಕೆ ಸ್ವಲ್ಪ ದಿನ ಮೊದಲು ಕಿಟಕಿ ಗಾಜಿನ ರಿಪೇರಿಗೆ ಗಾಡಿಯನ್ನು ಗ್ಯಾರೇಜಿಗೆ ಕೊಟ್ಟಿದ್ದೆ. ಬಾಗಿಲಿನ ಒಳಗಿನ ಹಲಗೆ ತೆಗೆಯಬೇಕಾದರೆ ಮೊದಲು ನಾಬನ್ನು ತಿರುಗಿಸಿ ಬಿಚ್ಚಬೇಕು. ತಿರುಗಿ ಹಾಕುವಾಗ ಬೋಲ್ಟಿನ ಹಾಗೆ ಕಡೆಯ ತನಕ ಬಿಗಿ ಮಾಡಿದ್ದಾರೆ. ಇದು ಬಿಗಿ ಮಾಡುವ ವಸ್ತು ಅಲ್ಲ, ಎತ್ತರ ಹೊಂದಿಸುವ ವಸ್ತು.

ಸುಮೋ, ಹಳೆ ಬೊಲೆರೊ ಮುಂತಾದ ಗಾಡಿಗಳಲ್ಲಿ ಕಿಟಕಿಯ ಬುಡದಲ್ಲಿ ಮೇಲೆ ಕೆಳಗೆ ಹೋಗುವ ಈ ನಾಬನ್ನು ನೀವೆಲ್ಲ ಕಂಡಿದ್ದೀರಿ. ಅದರ ಕೆಳಗೆ ಒಂದು ತೆಳ್ಳನೆಯ ಸರಳು ಬಾಗಿಲಿನ ಒಳಗೆ ಇಳಿದು ಲಾಕಿಗೆ ಸೇರುತ್ತದೆ. ಸರಳಿನ ತುದಿಯಲ್ಲಿ ಆಟೆ (ತ್ರೆಡ್) ಇರುತ್ತದೆ, ನಾಬ್ ಅದರ ಮೇಲೆ ಕೂರುತ್ತದೆ. ಬಲಕ್ಕೆ ತಿರುಗಿಸಿದರೆ ನಾಬ್ ಇಳಿಯುತ್ತದೆ, ಎಡಕ್ಕೆ ತಿರುಗಿಸಿದರೆ ಏರುತ್ತದೆ. ಸರಳು ಮಾತ್ರ ಇದ್ದಲ್ಲೇ ಇರುತ್ತದೆ.

ಹೆಚ್ಚು ಇಳಿದರೆ ಏನಾಗುತ್ತದೆ ಎಂಬುದು ನಾಬಿನ ಆಕಾರದ ಮೇಲೆ. ನೆಟ್ಟಗಿನ ನಾಬ್ ಆದರೆ ನಮ್ಮ ಹಾಗೆ ತೂತಿನಲ್ಲಿ ಮುಳುಗುತ್ತದೆ. ಅಣಬೆಯ ಹಾಗೆ ತಲೆ ಅಗಲ ಇದ್ದರೆ, ಲಾಕ್ ಪೂರ್ತಿ ಬೀಳುವ ಮೊದಲೇ ತಲೆ ಬಾಗಿಲಿಗೆ ತಾಗಿ ನಿಲ್ಲುತ್ತದೆ. ನೋಡುವವರಿಗೆ ಲಾಕ್ ಆಗಿದೆ, ಹೊರಗಿನಿಂದ ಎಳೆದರೆ ತೆರೆಯುತ್ತದೆ. ವಾಶಿ ಮಾರ್ಕೆಟ್ಟಿನಲ್ಲಿ ಸಾಮಾನು ತುಂಬಿಸಿ ಗಾಡಿ ನಿಲ್ಲಿಸುವವರು ಇದನ್ನು ಗಮನಿಸಬೇಕು. ಬಹಳ ಮೇಲಿದ್ದರೂ ತೊಂದರೆ: ಆಟೆ ಕಡಿಮೆ ಹಿಡಿದು ನಾಬ್ ಒಂದು ದಿನ ಕೈಗೇ ಬರುತ್ತದೆ.

ಹೊಂದಿಸುವಾಗ ಮೊದಲು ಕಿಟಕಿ ಗಾಜು ಪೂರ್ತಿ ಇಳಿಸಿ, ಬೀಗದ ಕೈ ಜೇಬಿನಲ್ಲಿಡಿ. ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ. ಬಾಗಿಲು ಹಾಕಿ, ಲಾಕ್ ಮಾಡಿ, ನಾಬ್ ಎಷ್ಟು ಹೊರಗಿದೆ ನೋಡಿ. ಲಾಕ್ ಬಿದ್ದ ಮೇಲೆಯೂ ಎರಡು ಬೆರಳಿನಲ್ಲಿ ಹಿಡಿದು ಎಳೆಯುವಷ್ಟು, ಅಂದರೆ ಸುಮಾರು ಅರ್ಧ ಬೆರಳಗಲ, ಹೊರಗೆ ಇರಬೇಕು. ಕಡಿಮೆ ಇದ್ದರೆ ಲಾಕ್ ತೆಗೆದು, ನಾಬನ್ನು ಎಡಕ್ಕೆ ಒಂದು ಸುತ್ತು ತಿರುಗಿಸಿ, ಮತ್ತೆ ನೋಡಿ. ನಾಲ್ಕು ಬಾಗಿಲಿಗೂ ಒಂದೇ ಎತ್ತರ ಇರಲಿ. ಕೈಗೆ ಎಣ್ಣೆ ಇದ್ದ ಹುಡುಗನಿಂದಲೂ ಒಮ್ಮೆ ಎಳೆಸಿ ನೋಡಿ, ನಮ್ಮಲ್ಲಿ ಒಣ ಕೈ ಯಾರಿಗಿದೆ?

ಕಳ್ಳರು ಗಾಜಿನ ಸಂದಿನಲ್ಲಿ ತಂತಿ ಇಳಿಸಿ ನಾಬ್ ಎತ್ತುತ್ತಾರೆ, ಅದಕ್ಕೆ ಕೆಳಗೇ ಇರಲಿ ಎಂದು ಹೇಳುವವರಿದ್ದಾರೆ. ಮಾತು ಸುಳ್ಳಲ್ಲ. ಅದಕ್ಕೆ ಅಣಬೆ ತಲೆಯದ್ದು ಬಿಟ್ಟು ನೆಟ್ಟಗಿನ ನಾಬ್ ಹಾಕಿ, ತಂತಿಯ ಕೊಕ್ಕೆಗೆ ಅಷ್ಟು ಸುಲಭದಲ್ಲಿ ಸಿಗುವುದಿಲ್ಲ. ಜನ ಕೂರುವ ಬಾಗಿಲಲ್ಲಿ ಮುಳುಗಿಸಿ ಇಡುವುದು ನನಗೆ ಒಪ್ಪಿಗೆ ಇಲ್ಲ.

ಎತ್ತರ ಸರಿ ಇದ್ದೂ ನಾಬ್ ಬಿಗಿ ಇದ್ದರೆ ಸರಳು ಬಾಗಿರಬಹುದು, ಅಥವಾ ತೂತಿನ ಪ್ಲಾಸ್ಟಿಕ್ ಬಳೆ ಜಾರಿರಬಹುದು. ನಾಬ್ ಸುಮ್ಮನೆ ಮೇಲೆ ಕೆಳಗೆ ಆಡಿದರೂ ಲಾಕ್ ಬೀಳದಿದ್ದರೆ ಕೆಳಗಿನ ಕ್ಲಿಪ್ ಮುರಿದಿದೆ, ಅದು ಹಲಗೆ ಬಿಚ್ಚುವ ಕೆಲಸ, ಗ್ಯಾರೇಜಿಗೇ ಕೊಡಿ. ಖಾಡಿಯ ಉಪ್ಪುಗಾಳಿಗೆ, ಮಳೆಗಾಲದ ನೀರಿಗೆ ನಮ್ಮ ಕಡೆ ಲಾಕುಗಳು ಬೇಗ ತುಕ್ಕು ಹಿಡಿಯುತ್ತವೆ. ಅದಕ್ಕೆ ಸ್ಪ್ರೇ ಗ್ರೀಸ್ ಹಾಕಬೇಕು. ನಮ್ಮ ಹುಡುಗನೊಬ್ಬ ವಡೆ ಕರಿದ ಎಣ್ಣೆಯನ್ನೇ ಬಿಟ್ಟಿದ್ದ, ಧೂಳು ಸೇರಿ ಅಂಟಿನ ಹಾಗಾಯಿತು.

ಹಿಂದಿನ ಬಾಗಿಲಿನ ಅಂಚಿನಲ್ಲಿ ಮಕ್ಕಳ ಲಾಕಿನ ಸಣ್ಣ ಕೀಲಿ ಇದ್ದರೆ ಅದನ್ನೂ ನೋಡಿ. ಅದು ಬಿದ್ದಿದ್ದರೆ ನಾಬ್ ಎತ್ತಿದರೂ ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ. ಹುಡುಗರು ಕೂರುವ ಗಾಡಿಯಲ್ಲಿ ಅದನ್ನು ತೆಗೆದೇ ಇಡಿ.

ಓಡಾಟದ ಅಲುಗಾಟಕ್ಕೆ ನಾಬ್ ತಾನಾಗಿ ತಿರುಗುತ್ತಿದ್ದರೆ, ಬಿಚ್ಚಿ, ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಆಟೆಗೆ ಎರಡು ಸುತ್ತು ಸುತ್ತಿ ಹಾಕಿ. ಟೇಪಿಗೂ ನಿಲ್ಲದಷ್ಟು ಸವೆದಿದ್ದರೆ ಹೊಸದು ತನ್ನಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಒಂದು ಗಾಡಿಯ ಆಟೆ ಇನ್ನೊಂದಕ್ಕೆ ಕೂರುವುದಿಲ್ಲ.