ಗುಡ್ಡದ ರೆಕ್ಕೆ, ವಿಮಾನದ ರೆಕ್ಕೆ

ಒಂದು ಕಾಲಕ್ಕೆ ಚಿನ್ನದ ಗಣಿಯಿಂದ ಹೆಸರಾಗಿದ್ದ ಆಂಧ್ರದ ರಾಮಗಿರಿಯ ಗುಡ್ಡಗಳಲ್ಲಿ 1990ರ ದಶಕದಲ್ಲೇ ಗಾಳಿಯಂತ್ರಗಳು ನಿಂತವು. ಆಮೇಲೆ ಕಲ್ಯಾಣದುರ್ಗದ ಸುತ್ತಲ ಬೋಳುಗುಡ್ಡಗಳಿಗೂ ಹಬ್ಬಿದವು. ದೂರಕ್ಕೆ ಲೋಹದಂತೆ ಹೊಳೆಯುವ ಅವುಗಳ ರೆಕ್ಕೆ ಲೋಹದ್ದಲ್ಲ. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ರೆಸಿನ್ ಕುಡಿಸಿ ಗಟ್ಟಿಯಾಗಿಸಿದ ಕಾಂಪೋಸಿಟ್ ಅದು. ಗಾಜಿನ ಬದಲು ಇಂಗಾಲದ ನೂಲು ಹಾಕಿದರೆ ಅದೇ ಕಸುಬಿನಿಂದ ತೇಜಸ್ ಯುದ್ಧವಿಮಾನದ ರೆಕ್ಕೆ ಮೂಡುತ್ತದೆ. ಒಂದೇ ಕುಲದ ಈ ಎರಡು ರೆಕ್ಕೆಗಳ ನಡುವೆ ಎಷ್ಟು ದೂರ ಎಂಬುದು ಅದೇ ಕಡೆಯ ಪೆನುಕೊಂಡ ಸೀಮೆಗೆ ಈಗ ಬರೀ ಕುತೂಹಲದ ಪ್ರಶ್ನೆಯಲ್ಲ. 2025ರ ಜುಲೈ 15ರಂದು ಕರ್ನಾಟಕ ಸರ್ಕಾರ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನೋದ್ಯಮ ಪಾರ್ಕಿಗೆಂದು ಹೊರಟಿದ್ದ 1,777 ಎಕರೆ ಭೂಸ್ವಾಧೀನವನ್ನು ಕೈಬಿಟ್ಟಿತು. ಬೆನ್ನಿಗೇ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಮಗ್ಗುಲಲ್ಲೇ 8,000 ಎಕರೆಗೂ ಹೆಚ್ಚು ಜಾಗ ಸಿದ್ಧವಿದೆ, ಬನ್ನಿ ಎಂದು ವಿಮಾನೋದ್ಯಮದವರನ್ನು ಕರೆದರು. ಕರೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಹಗುರ ವಿಮಾನಭಾಗಗಳ ಉದ್ಯಮ ಬೆಳೆದುಬಂದ ಬಗೆ ನೋಡಿದರೆ, ಅದು ಎಕರೆಯ ಲೆಕ್ಕಕ್ಕಾಗಲಿ ಷೇರುಪೇಟೆಯ ದುಡ್ಡಿಗಾಗಲಿ ತಾನಾಗಿ ಒಲಿದದ್ದು ಕಾಣುವುದಿಲ್ಲ.

ಕಾರಣ ಕಸುಬಿನೊಳಗೇ ಇದೆ. ಅಲ್ಯುಮಿನಿಯಂ ಹಾಳೆ ಕಾರ್ಖಾನೆಗೆ ಬರುವ ಹೊತ್ತಿಗೇ ಅದರ ಬಲ ಎಷ್ಟೆಂದು ಗೊತ್ತಿರುತ್ತದೆ. ಮುಂದಿನದು ಕತ್ತರಿಸಿ, ಬಾಗಿಸಿ, ರಿವೆಟ್ ಹೊಡೆಯುವ ಕೆಲಸ. ಕಾಂಪೋಸಿಟ್‌ನಲ್ಲಿ ವಸ್ತುವೂ ಅದರಿಂದಾಗುವ ಭಾಗವೂ ಒಟ್ಟಿಗೇ ಅಚ್ಚಿನೊಳಗೆ ಹುಟ್ಟುತ್ತವೆ. ನೂಲು ಸಾಗುವ ದಿಕ್ಕಿಗೆ ಬಲ ಹೆಚ್ಚು, ಅಡ್ಡಕ್ಕೆ ಕಡಿಮೆ. ಹಾಗಾಗಿ ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ, ಮತ್ತೊಂದು 45 ಡಿಗ್ರಿ ಓರೆಗೆ ಎಂದು ಲೆಕ್ಕ ಹಾಕಿ ಹಾಸಬೇಕು. ರೆಸಿನ್ ಮೊದಲೇ ಹೀರಿಸಿದ ಇಂಗಾಲದ ಬಟ್ಟೆ ಶೂನ್ಯಕ್ಕಿಂತ ಸುಮಾರು 18 ಡಿಗ್ರಿ ಕೆಳಗಿನ ಶೀತದಲ್ಲಿರಬೇಕು. ಹೊರಗೆ ತೆಗೆದರೆ ಗಡುವಿನೊಳಗೆ ಹಾಸಿ ಮುಗಿಸಬೇಕು. ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಗಾಳಿ ಹೀರಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ 180 ಡಿಗ್ರಿವರೆಗೂ ಬೇಯಿಸುತ್ತಾರೆ. ನಡುವೆ ಎಲ್ಲೋ ಒಂದು ಗಾಳಿಗುಳ್ಳೆ ಉಳಿದರೆ, ಒಂದು ಪದರ ಸುಕ್ಕಾದರೆ, ಹೊರಗಿನ ಕಣ್ಣಿಗೆ ಕಾಣದು. ಅಲ್ಟ್ರಾಸೌಂಡ್ ಹಿಡಿದು ಹುಡುಕಬೇಕು. ಆದ್ದರಿಂದಲೇ ಈ ಉದ್ಯಮದಲ್ಲಿ ಒಪ್ಪಿಗೆಯ ಮುದ್ರೆ ಬೀಳುವುದು ವಸ್ತುವಿಗಷ್ಟೇ ಅಲ್ಲ, ಮಾಡುವ ಕ್ರಮಕ್ಕೆ. ಕೈ ಬದಲಾದರೆ, ಒಲೆ ಬದಲಾದರೆ, ಪರೀಕ್ಷೆ ಮತ್ತೆ ಮೊದಲಿನಿಂದ.

ಗಾಳಿಯಂತ್ರದ ರೆಕ್ಕೆ ಇಷ್ಟು ನಾಜೂಕನ್ನು ಬೇಡುವುದಿಲ್ಲ. ಅಲ್ಲಿ ಕಾಡುವುದು ಗಾತ್ರ. 40 ಮೀಟರ್ ರೆಕ್ಕೆಗೆ ಅಷ್ಟೇ ಉದ್ದದ ಜೋಡಿ ಅಚ್ಚು ಬೇಕು. ಒಂದು ರೆಕ್ಕೆ ಗಟ್ಟಿಯಾಗಿ ಹೊರಬರುವ ತನಕ ಇನ್ನೊಂದಕ್ಕೆ ಎಡೆಯಿಲ್ಲ. ಮಾರುಕಟ್ಟೆ ಇನ್ನೂ ಉದ್ದದ ರೆಕ್ಕೆ ಕೇಳಿತೆಂದರೆ ಹಳೆಯ ಅಚ್ಚು ಗುಜರಿಗೆ. ಇಂಥ ಖರ್ಚಿನ ಕಸುಬಿಗೆ ಜನರ ದುಡ್ಡನ್ನು ದೊಡ್ಡ ಪ್ರಮಾಣದಲ್ಲಿ ಎಳೆದು ತಂದದ್ದು ಗಾಳಿಯಂತ್ರ ತಯಾರಿಸುವ ಸುಜ್ಲಾನ್ ಕಂಪನಿ. 2005ರಲ್ಲಿ ಷೇರಿಗೆ 510 ರೂಪಾಯಿಯಂತೆ ಅದು ನಡೆಸಿದ ಮಾರಾಟ ಸುಮಾರು 1,500 ಕೋಟಿಯದು. ಮರುವರ್ಷ ಬೆಲ್ಜಿಯಂನ ಹ್ಯಾನ್ಸೆನ್, 2007ರಲ್ಲಿ ಜರ್ಮನಿಯ ಆರ್‌ಇಪವರ್ ಕಂಪನಿಗಳು ಅದರ ಕೈಗೆ ಬಂದವು. ಅಷ್ಟರಲ್ಲಿ ಅಮೆರಿಕದಲ್ಲಿ ಎಸ್-88 ಯಂತ್ರದ ಕೆಲವು ರೆಕ್ಕೆಗಳು ಬಿರುಕು ಬಿಟ್ಟವು. 2008ರ ಮಾರ್ಚ್‌ನಲ್ಲಿ ಕಂಪನಿ 1,251 ರೆಕ್ಕೆಗಳನ್ನು ಬಲಪಡಿಸಿಕೊಡುವುದಾಗಿ ಪ್ರಕಟಿಸಬೇಕಾಯಿತು. 2012ರಲ್ಲಿ ವಿದೇಶಿ ಬಾಂಡ್‌ಗಳ ಬಾಕಿ ತೀರಿಸಲಾಗಲಿಲ್ಲ. ಬಿರುಕೊಂದೇ ಕಂಪನಿಯನ್ನು ಕೆಡವಿತು ಎಂದರೆ ಅನ್ಯಾಯವಾದೀತು: ಸಾಲ ತಲೆಮೇಲಿತ್ತು, ಜಗತ್ತಿನ ಪೇಟೆಯೂ ಕುಸಿದಿತ್ತು. 2023ರಲ್ಲಿ ಮತ್ತೆ ಷೇರು ಮಾರಿ 2,000 ಕೋಟಿ ಎತ್ತುವಷ್ಟು ಅದು ಚೇತರಿಸಿಕೊಂಡಿದೆ. ಅನಂತಪುರ ಜಿಲ್ಲೆಯ ಕೂಡೇರು ಮಂಡಲದಲ್ಲಿ ಅದರ ರೆಕ್ಕೆ ಕಾರ್ಖಾನೆಯೂ ಇದೆ. ನನಗೆ ಮುಖ್ಯವೆನಿಸುವುದು ಬೇರೆ. ಷೇರುದಾರ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತಾನೆ. ಪದರದೊಳಗಿನ ದೋಷ ಕೋಟಿಗಟ್ಟಲೆ ಸುತ್ತು ತಿರುಗಿದ ಮೇಲೆ ಲೆಕ್ಕ ಒಪ್ಪಿಸುತ್ತದೆ.

ವಿಮಾನದ ಕಥೆ ನಡೆದದ್ದು ಬೇರೆ ಗಡಿಯಾರದಲ್ಲಿ. ಪೆನುಕೊಂಡದ ಬಳಿಯ ರೊದ್ದಂ ಮೂಲದ ಕನ್ನಡ ಮನೆತನವೊಂದು ಅದರಲ್ಲಿ ಬರುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆದ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಆರ್.ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ, 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್ಎಎಲ್‌ನ ನಿರ್ದೇಶಕರಾಗಿದ್ದರು. ಅವರು ದ್ರವಚಲನೆಯ ಪಂಡಿತರೇ ಹೊರತು ರೆಸಿನ್ ಕಲಸಿದವರಲ್ಲ. ಆದರೆ ಕಾಂಪೋಸಿಟ್ ಕೆಲಸ ಅಲ್ಲಿ ಬೇರೂರಿದ ಮುಖ್ಯ ವರ್ಷಗಳು ಅವೇ. ಪೂರ್ತಿ ಕಾಂಪೋಸಿಟ್ ಒಡಲಿನ ಎರಡು ಆಸನದ ಹಂಸ 1993ರ ನವೆಂಬರ್‌ನಲ್ಲಿ ಹಾರಿತು. ಅದಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ತೇಜಸ್ 2001ರ ಜನವರಿ 4ರಂದು ಮೊದಲ ಸಲ ಮೇಲೇರಿದಾಗ ಅದರ ಒಡಲಿನ ತೂಕದಲ್ಲಿ ಶೇಕಡ ಸುಮಾರು 45 ಪಾಲು ಕಾಂಪೋಸಿಟ್. ಬಿಡಿಬಿಡಿಯಾಗಿ ಮಾಡಿ ಬೋಲ್ಟ್ ಹಾಕುವ ಬದಲು ಹೊರಮೈಯನ್ನೂ ಒಳಪಕ್ಕೆಲುಬನ್ನೂ ಒಂದೇ ಬೇಯುವಿಕೆಯಲ್ಲಿ ಬೆಸೆಯುವ ವಿದ್ಯೆ ಎನ್ಎಎಲ್‌ಗೆ ದಕ್ಕಿತ್ತು. ಇದಕ್ಕೆ ಯಾರೂ ಷೇರು ಮಾರಲಿಲ್ಲ. ತೆರಿಗೆಯ ದುಡ್ಡು, ಕೆಟ್ಟ ತುಂಡುಗಳನ್ನು ಕೊಯ್ದು ನೋಡುವ ವ್ಯವಧಾನ, ಇಷ್ಟೇ ಬಂಡವಾಳ.

ಹಾಗಾದರೆ ಕಿಯಾ ಕಾರಿನ ಕಥೆಯೇನು ಎಂದು ಕೇಳುವವರಿದ್ದಾರೆ. 2017ರ ಏಪ್ರಿಲ್‌ನಲ್ಲಿ ಒಪ್ಪಂದವಾಗಿ, 2019ರಲ್ಲಿ ಪೆನುಕೊಂಡದ ಯರ್ರಮಂಚಿಯಿಂದ ಕಾರು ಹೊರಬಂದಿತಲ್ಲ! ಬಂದಿತು, ನಿಜ. ಆದರೆ ಕಾರಿನ ಹೊರಮೈ ಉಕ್ಕಿನದು. ಬಂಪರು, ಡ್ಯಾಶ್‌ಬೋರ್ಡುಗಳನ್ನು ಇಂಜೆಕ್ಷನ್ ಯಂತ್ರ ಕರಗಿದ ಪ್ಲಾಸ್ಟಿಕ್ ಒತ್ತಿ ಬೇಗ ಬೇಗ ಉದುರಿಸುತ್ತದೆ. ಬಿಡಿಭಾಗದ ಕೊರಿಯನ್ ಕಂಪನಿಗಳೂ ಜೊತೆಯಲ್ಲೇ ಬಂದವು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಾಗಪುರದ್ದು. ಅಲ್ಲಿ ಟಾಟಾ ಸಮೂಹದ ಕಾರ್ಖಾನೆ ಬೋಯಿಂಗ್ 787ರ ಕಾಂಪೋಸಿಟ್ ನೆಲತೊಲೆಗಳನ್ನು ಮಾಡಿ ಕಳುಹಿಸಿತು. ಆ ಊರಿಗೆ ಬೆಂಗಳೂರಿನ ಪರಂಪರೆಯೇನೂ ಇರಲಿಲ್ಲ. ಒಪ್ಪಬೇಕಾದ ಮಾತೇ. ಆದರೆ ನಕ್ಷೆ ಬೋಯಿಂಗ್‌ನದು. ಎರವಲು ಕ್ರಮದಿಂದ ಒಂದು ಭಾಗ ಮಾಡಬಹುದು, ಮುಂದಿನ ಭಾಗವನ್ನು ತಾನೇ ರೂಪಿಸುವ ಅಧಿಕಾರ ಬರುವುದಿಲ್ಲ. ಎನ್ಎಎಲ್ ದಾರಿ ನಿಧಾನವಲ್ಲವೇ ಎಂದರೆ, ಹೌದು, ಸಹನೆ ಕೆಡುವಷ್ಟು ನಿಧಾನ: ತೇಜಸ್‌ನ ಮೊದಲ ಸ್ಕ್ವಾಡ್ರನ್ ರೂಪುಗೊಂಡದ್ದು 2016ರಲ್ಲಿ. ಆ ವಿಳಂಬವನ್ನೆಲ್ಲ ಅಚ್ಚಿನ ತಲೆಗೆ ಕಟ್ಟಲೂ ಆಗದು, ಸಾಧನೆಯೆಂದು ಹೊಗಳಲೂ ಆಗದು.

ಜಾಗದ ಮಾತಿಗೆ ಬಂದರೆ, ಚಿಲಮತ್ತೂರು–ಗೋರಂಟ್ಲದ ಕಡೆ ಲೇಪಾಕ್ಷಿ ನಾಲೆಡ್ಜ್ ಹಬ್‌ಗೆಂದು ಸುಮಾರು 8,800 ಎಕರೆ ಒದಗಿಸಿ ಒಂದೂವರೆ ದಶಕ ಕಳೆದಿದೆ. ಅಲ್ಲಿ ಕಂಪನಿಗಳಿಗಿಂತ ಮೊದಲು ತನಿಖೆ ಬಂತು. ಗಡಿಯಾಚೆ ಕರ್ನಾಟಕದ ಗುಬ್ಬಿ ತಾಲ್ಲೂಕಿನಲ್ಲಿ ಎಚ್ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಸಾಕಾಯಿತು. ಆದರೂ 2016ರ ಶಂಕುಸ್ಥಾಪನೆಯಿಂದ 2023ರ ಉದ್ಘಾಟನೆಗೆ ಏಳು ವರ್ಷ ಹಿಡಿಯಿತು. ಕೂಡೇರಿನಲ್ಲಿ ಗಾಜಿನ ಬಟ್ಟೆ ಹಾಸಿ ಕೈ ಪಳಗಿದವರು ಇದೇ ಸೀಮೆಯಲ್ಲಿದ್ದಾರೆ. ಮಡಕಶಿರಾ, ಅಮರಾಪುರದ ಹುಡುಗರಿಗೆ ಕನ್ನಡ ತೆಲುಗು ಎರಡೂ ಬರುತ್ತವೆ, ಬೆಂಗಳೂರೂ ಹೊಸದಲ್ಲ. ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಒಂದು ಶೀತಕೋಣೆ, ಚಿಕ್ಕದೊಂದು ಆಟೋಕ್ಲೇವ್, ಒಂದು ಅಲ್ಟ್ರಾಸೌಂಡ್ ಮೇಜು ಇಟ್ಟು, ಈ ಹುಡುಗರಿಗೆ ಇಂಗಾಲದ ಬಟ್ಟೆ ಹಾಸುವುದನ್ನು ಕಲಿಸಲು ಕೆಲವೇ ಎಕರೆ ಸಾಕು. ಎರಡು ಮೂರು ವರ್ಷ ಅವರು ಹಾಸಿದ್ದರಲ್ಲಿ ಬಹುಪಾಲು ತಿರಸ್ಕಾರಕ್ಕೆ ಹೋಗುತ್ತದೆ. ಆ ಖರ್ಚನ್ನು ಯಾವ ಕಂಪನಿಯೂ ತನ್ನ ಷೇರು ಮಾರಾಟದ ದಾಖಲೆಯಲ್ಲಿ ತೋರಿಸಲಾರದು. ಸರ್ಕಾರದ ಬಜೆಟ್ಟಿನಲ್ಲಿ ತೋರಿಸಬಹುದು.