ಹೊರಕ್ಕೆ ಸರಿಯುವ ಕಣ್ಣು: ಮಕ್ಕಳಿಗೂ ದೊಡ್ಡವರಿಗೂ ಚಿಕಿತ್ಸೆ ಉಂಟು



ಯರಗುಪ್ಪಿಯಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದಾಗ, ಸಂಘಕ್ಕೆ ಹಾಲು ಹಾಕುವ ತಾಯಿಯೊಬ್ಬರು ತಮ್ಮ ನಾಲ್ಕು ವರ್ಷದ ಮಗನನ್ನು ಕರೆತಂದರು. "ಸಾಹೇಬ್ರ, ಬಿಸಲಾಗ ಬಂದ್ರ ಇಂವಾ ಒಂದ ಕಣ್ಣು ಮುಚ್ಚತಾನ್ರಿ. ದೂರ ನೋಡುವಾಗ ಎಡಗಣ್ಣು ಹೊರಗ ಹೋಗತೈತಿ. ದೊಡ್ಡಂವ ಆದ ಮ್ಯಾಲೆ ಸರಿ ಆಗತೈತಿ ಅಂತಾರ, ಖರೇ ಏನ್ರಿ?" ಎಂದು ಕೇಳಿದರು. "ನೋಡವಾ ತಂಗಿ, ನಾ ದನದ ಡಾಕ್ಟರ. ಆದರ ಕಾಯೂದು ಮಾತ್ರ ಬ್ಯಾಡ, ಕಣ್ಣಿನ ಡಾಕ್ಟರಿಗೆ ತೋರಸು" ಎಂದೆ. ಇದೇ ಪ್ರಶ್ನೆ ಬೇರೆ ಊರುಗಳಲ್ಲೂ ಬರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಿಮ್ಮ ಆಕಳನ್ನೇ ನೋಡಿ. ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ. ನಿಂತಲ್ಲೇ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಆದರೆ ಎರಡೂ ಕಣ್ಣು ಕೂಡಿ ನೋಡುವ ಜಾಗ ಮುಂದೆ ಸ್ವಲ್ಪವೇ. ಮನುಷ್ಯನ ಎರಡೂ ಕಣ್ಣು ಮುಂದಿವೆ. ಎರಡು ಕಣ್ಣು ಕಂಡ ಎರಡು ಚಿತ್ರಗಳನ್ನು ಮೆದುಳು ಕೂಡಿಸಿ ಒಂದು ಮಾಡುತ್ತದೆ. ಸೂಜಿಗೆ ದಾರ ಪೋಣಿಸುವುದಕ್ಕೆ, ಹಾಲನ್ನು ಚೆಲ್ಲದಂತೆ ಅಳತೆಗೆ ಸುರಿಯುವುದಕ್ಕೆ ಬೇಕಾದ ಅಂದಾಜು ಸಿಗುವುದು ಇದರಿಂದಲೇ. ಪ್ರತಿ ಕಣ್ಣನ್ನು ಆರು ಸ್ನಾಯುಗಳು ಎಳೆದು ತಿರುಗಿಸುತ್ತವೆ. ಜೋಡೆತ್ತಿನಲ್ಲಿ ಒಂದು ಸಾಲು ಬಿಟ್ಟು ಹೊರಗೆ ಎಳೆದಂತೆ ಒಂದು ಕಣ್ಣು ಕಿವಿಯ ಕಡೆ ಸರಿದರೆ ಅದೇ ಹೊರ ಮೆಳ್ಳೆಗಣ್ಣು.

ಹುಟ್ಟಿದ ಕೂಸಿನ ಕಣ್ಣು ಮೊದಲ ಮೂರ್ನಾಲ್ಕು ತಿಂಗಳು ಆಗಾಗ ಅತ್ತಿತ್ತ ಹೋಗುವುದುಂಟು. ಆಮೇಲೂ ಹೋದರೆ ತೋರಿಸಲೇಬೇಕು. ಹೊರ ಮೆಳ್ಳೆಗಣ್ಣು ಸಾಮಾನ್ಯವಾಗಿ ಬಂದು ಹೋಗುವ ರೀತಿಯಲ್ಲಿ ಶುರುವಾಗುತ್ತದೆ. ಮಗು ದಣಿದಾಗ, ಜ್ವರ ಬಂದಾಗ, ದೂರ ನೋಡುವಾಗ ಕಾಣುತ್ತದೆ. ಡಾಕ್ಟರ ಮುಂದೆ ಕೂತಾಗ ಕಾಣದೆಯೂ ಹೋಗಬಹುದು. ಬಿಸಿಲಿನಲ್ಲಿ ಒಂದು ಕಣ್ಣು ಮುಚ್ಚುವುದು ಇದರದೇ ಗುರುತು. ಕಣ್ಣು ಸದಾ ಹೊರಗೇ ನಿಂತರೆ ಮೆದುಳು ಆ ಕಣ್ಣಿನ ಚಿತ್ರವನ್ನು ಬಿಟ್ಟುಬಿಡುತ್ತದೆ, ಕಣ್ಣು ಮಂದವಾಗುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಏಳೆಂಟು ವರ್ಷದೊಳಗೆ ಹಿಡಿದರೆ ತಿದ್ದುವುದು ಸುಲಭ. ಮೆಳ್ಳೆಗಣ್ಣು ಅದೃಷ್ಟದ್ದು ಎನ್ನುವವರ ಮಾತು ಕೇಳಿ ಆ ವರ್ಷಗಳನ್ನು ಕಳೆಯಬೇಡಿರಿ. ಎಣ್ಣೆ, ಸೊಪ್ಪಿನ ರಸ ಕಣ್ಣಿಗೆ ಬಿಡುವುದಂತೂ ಬೇಡವೇ ಬೇಡ.

ತೋರಿಸಿದ ಕೂಡಲೇ ಆಪರೇಶನ್ ಎಂದು ಹೆದರಬೇಕಾಗಿಲ್ಲ. ಮೊದಲು ಕಣ್ಣಿಗೆ ಔಷಧಿ ಹಾಕಿ ಚಶ್ಮಾ ನಂಬರು ನೋಡುತ್ತಾರೆ. ದೂರದ್ದು ಮಸುಕಾಗಿದ್ದವರಲ್ಲಿ ಸರಿಯಾದ ಚಶ್ಮಾದಿಂದಲೇ ಕಣ್ಣು ಹತೋಟಿಗೆ ಬರುವುದುಂಟು. ಮಂದವಾದ ಕಣ್ಣಿಗೆ ಕೆಲಸ ಕೊಡಲು ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ತಾಸು ಪಟ್ಟಿ ಕಟ್ಟಿಸುತ್ತಾರೆ. ಪಟ್ಟಿ ಯಾವ ಕಣ್ಣಿಗೆ ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. ಓದುವಾಗ ಮಾತ್ರ ಕಣ್ಣು ಕೂಡದವರಿಗೆ ವ್ಯಾಯಾಮ ಚೆನ್ನಾಗಿ ಫಲ ಕೊಡುತ್ತದೆ. ಕೆಲವರನ್ನು ಬರೇ ಆರು ತಿಂಗಳಿಗೊಮ್ಮೆ ನೋಡುತ್ತಾ ಇರುತ್ತಾರೆ.

ಹತೋಟಿ ತಪ್ಪುತ್ತಾ ಹೋದರೆ ಶಸ್ತ್ರಚಿಕಿತ್ಸೆ. ಇಲ್ಲಿ ಕಣ್ಣುಗುಡ್ಡೆಯನ್ನು ಹೊರಗೆ ತೆಗೆಯುವುದಿಲ್ಲ, ಅದರ ಒಳಗೂ ಕೈ ಹಾಕುವುದಿಲ್ಲ. ಹೊರಗೆ ಎಳೆಯುವ ಸ್ನಾಯುವನ್ನು ಬಿಡಿಸಿ ಸ್ವಲ್ಪ ಹಿಂದೆ ಹೊಲಿಯುತ್ತಾರೆ, ಬೇಕಾದರೆ ಒಳಗಿನದನ್ನು ಬಿಗಿ ಮಾಡುತ್ತಾರೆ. ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತಾರೆ. ಒಂದು ವಿಷಯ ಮೊದಲೇ ತಿಳಿದಿರಲಿ: ವರ್ಷಗಳು ಕಳೆದಂತೆ ಕಣ್ಣು ಮತ್ತೆ ಹೊರಗೆ ಸರಿಯಬಹುದು, ಎರಡನೇ ಸಲವೂ ಬೇಕಾಗಬಹುದು. ಅದು ಡಾಕ್ಟರ ತಪ್ಪೆಂದು ತಿಳಿಯಬೇಡಿರಿ.

ದೊಡ್ಡವರು "ನನ್ನ ವಯಸ್ಸು ಮುಗಿತು" ಎಂದು ಸುಮ್ಮನಿರುತ್ತಾರೆ. ಅದು ಸರಿಯಲ್ಲ. ನಲವತ್ತಾದರೂ ಅರವತ್ತಾದರೂ ಕಣ್ಣನ್ನು ನೇರ ಮಾಡಬಹುದು. ಜೋಳದ ದಂಟೋ ದನದ ಕೋಡೋ ತಗುಲಿ ನೋಟ ಹೋದ ಕಣ್ಣು ಕಾಲಕ್ರಮದಲ್ಲಿ ಹೊರಗೆ ತಿರುಗುವುದುಂಟು. ಅಂಥದ್ದನ್ನು ನೇರ ಮಾಡಿದರೆ ಹೋದ ನೋಟ ಬಾರದು, ಆದರೆ ಎದುರಿಗಿದ್ದವರ ಮುಖ ನೋಡಿ ಮಾತಾಡುವ ಧೈರ್ಯ ಬರುತ್ತದೆ. ಕನ್ಯೆ ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂತವರಿಗೆ ಇದರ ಬೆಲೆ ಗೊತ್ತು.

ಎರಡು ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ತಡ ಕೂಡದು. ರಾತ್ರಿ ಬ್ಯಾಟರಿ ಬಿಟ್ಟರೆ ಆಕಳ ಕಣ್ಣು ಹೊಳೆಯುತ್ತದೆ. ಅದರ ಕಣ್ಣಿನ ಹಿಂದೆ ಹೊಳೆಯುವ ಪದರವಿದೆ. ಮನುಷ್ಯನಿಗೆ ಅದಿಲ್ಲ. ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆದರೆ ಅದು ಪೊರೆ ಇರಬಹುದು, ಕಣ್ಣಿನೊಳಗಿನ ಕ್ಯಾನ್ಸರ್ ಗಡ್ಡೆಯೂ ಇರಬಹುದು. ಇನ್ನು ದೊಡ್ಡವರಲ್ಲಿ ಒಮ್ಮೆಲೇ ಒಂದು ವಸ್ತು ಎರಡಾಗಿ ಕಂಡು, ರೆಪ್ಪೆ ಜೋತುಬಿದ್ದು, ಕಣ್ಣು ಹೊರಗೆ ತಿರುಗಿದರೆ ಅದು ನರದ ತೊಂದರೆ. ಸಕ್ಕರೆ ಕಾಯಿಲೆಯಿಂದ ಆಗಿರಬಹುದು. ಜೊತೆಗೆ ಜೋರು ತಲೆನೋವು ಇದ್ದರೆ ಮೆದುಳಿನ ರಕ್ತನಾಳದ್ದೂ ಇರಬಹುದು. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅಂಗನವಾಡಿ, ಸರಕಾರಿ ಶಾಲೆಗಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಬರುತ್ತಾರೆ, ಅವರಿಗೆ ತೋರಿಸಿರಿ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ನಾವು ಕರೆಯುವ ಸರಕಾರಿ ಆಸ್ಪತ್ರೆಯೂ ಎಂ.ಎಂ. ಜೋಶಿ ಕಣ್ಣಿನ ಆಸ್ಪತ್ರೆಯೂ ಇವೆ. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆಯನ್ನು ಸರಕಾರ 2022-23ರಲ್ಲಿ ಮತ್ತೆ ಜಾರಿಗೆ ತಂದಿದೆ. ಈ ಶಸ್ತ್ರಚಿಕಿತ್ಸೆ ಪಟ್ಟಿಯಲ್ಲಿದೆಯೇ, ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಸಂಘದ ಕಾರ್ಯದರ್ಶಿಗಳ ಮೂಲಕ ಕೇಳಿಕೊಳ್ಳಿರಿ.

ಹೋಗುವಾಗ ಮಗುವಿನ ಹಳೆಯ ಫೋಟೋಗಳನ್ನೂ, ಕಣ್ಣು ಹೊರಗೆ ಹೋದಾಗ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳನ್ನೂ ಒಯ್ಯಿರಿ. ಯಾವಾಗಿನಿಂದ ಶುರುವಾಯಿತು ಎಂಬುದು ಡಾಕ್ಟರಿಗೆ ಅದರಿಂದ ತಿಳಿಯುತ್ತದೆ.