‘ಸ್ವಲ್ಪ ನಗಿ’ ಅಂದ ತಕ್ಷಣ ಮುಖ ಬಿಗಿಯುವುದೇಕೆ?

ಮದುವೆ ಆಲ್ಬಂ ಮನೆಗೆ ಬಂದ ದಿನ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ: ‘ನನ್ನ ಫೋಟೋ ಯಾವತ್ತೂ ಚೆನ್ನಾಗಿ ಬರಲ್ಲ, ನನ್ನ ಮುಖಕ್ಕೆ ನಗು ಒಪ್ಪಲ್ಲ.’ ಎಷ್ಟೋ ಜನ ಇದನ್ನು ಹುಟ್ಟಿನಿಂದ ಬಂದ ಕೊರತೆ ಎಂದೇ ನಂಬಿ, ಗ್ರೂಪ್ ಫೋಟೋ ಎಂದರೆ ಹಿಂದಿನ ಸಾಲಿಗೆ ಸರಿದುಬಿಡುತ್ತಾರೆ. ಫೋಟೋದ ನಗುವಿನ ಬಗ್ಗೆ ಇರುವ ನಂಬಿಕೆಗಳಲ್ಲಿ ಹೆಚ್ಚು ನೋವು ಕೊಡುವುದು ಇದು. ಮೊದಲು ಇದನ್ನೇ ನೋಡೋಣ.

ತಪ್ಪು ಕಲ್ಪನೆ: ಕೆಲವರ ಮುಖಕ್ಕೆ ನಗು ಒಪ್ಪುವುದಿಲ್ಲ

ಅದೇ ವ್ಯಕ್ತಿ ಊಟದ ಪಂಕ್ತಿಯಲ್ಲಿ ಭಾವನ ಜೊತೆ ಹರಟುತ್ತಾ ನಗುವುದನ್ನು ಗಮನಿಸಿ. ಆ ನಗುವಿನಲ್ಲಿ ಯಾವ ಕೊರತೆಯೂ ಕಾಣದು. ತಾನಾಗಿ ಬರುವ ನಗು ಮೆಲ್ಲಗೆ ಏರಿ, ಒಂದು ಗಳಿಗೆ ನಿಂತು, ಹಾಗೇ ಇಳಿದುಹೋಗುತ್ತದೆ. ಸಾಮಾನ್ಯವಾಗಿ ಎಲ್ಲ ಸೇರಿ ಕೆಲವೇ ಸೆಕೆಂಡು. ಆರತಕ್ಷತೆಯ ವೇದಿಕೆಯಲ್ಲಿ ಆಗುವುದೇನು? ಫೋಟೋಗ್ರಾಫರ್ ‘ಸ್ವಲ್ಪ ನಗಿ’ ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ಅಷ್ಟರಲ್ಲಿ ಎಡಗಡೆಯ ಮಗು ಬೆನ್ನು ತಿರುಗಿಸುತ್ತದೆ. ‘ಅಜ್ಜೀ, ಒಂದು ಹೆಜ್ಜೆ ಮುಂದೆ ಬನ್ನಿ’ ಎಂಬ ಕೂಗು. ಯಾರದೋ ಸೆರಗು ಸರಿಯಾಗಬೇಕು, ಹಿಂದಿನ ಸಾಲಿನ ಎತ್ತರದವರು ಪಕ್ಕಕ್ಕೆ ಹೋಗಬೇಕು. ಅಷ್ಟೂ ಹೊತ್ತು ತುಟಿ ಅಗಲಿಸಿಕೊಂಡೇ ನಿಂತವರ ಕೆನ್ನೆ ಸಣ್ಣಗೆ ನಡುಗತೊಡಗುತ್ತದೆ. ಫ್ಲ್ಯಾಶ್ ಬೀಳುವ ಹೊತ್ತಿಗೆ ನಗು ಹೋಗಿ ಬಿಗಿತ ಮಾತ್ರ ಉಳಿದಿರುತ್ತದೆ. ಆಲ್ಬಂನಲ್ಲಿ ಅಚ್ಚಾಗುವುದು ಅದೇ.

ಹಾಗಾಗಿ ಜನ ಹೊಂದಿಕೊಳ್ಳುವ ತನಕ ನಗಲೇಬೇಡಿ. ದವಡೆ ಸಡಿಲ ಬಿಟ್ಟು ಸುಮ್ಮನೆ ನಿಂತಿರಿ. ಎಲ್ಲ ಸರಿಯಾಯಿತು ಅನ್ನಿಸಿದಾಗ ಉಸಿರು ಬಿಟ್ಟು, ಕಣ್ಣು ತಗ್ಗಿಸಿ, ಮುಖ ಎತ್ತುತ್ತಾ ನಗಿ. ಕ್ಯಾಮೆರಾ ಹಿಡಿದವರೂ ಅಷ್ಟೆ: ಮೊದಲು ಜಾಗ, ಬೆಳಕು, ಸೆರಗು ಎಲ್ಲ ನೋಡಿಕೊಂಡು, ನಗುವಿನ ಮಾತನ್ನು ಕೊನೆಗೆ ಆಡಬೇಕು.

ತಪ್ಪು ಕಲ್ಪನೆ: ‘ಚೀಸ್’ ಅಂದರೆ ಸಾಕು, ನಗು ಬರುತ್ತದೆ

‘ಈ’ ಎಂದು ಎಳೆದಾಗ ತುಟಿಯ ಮೂಲೆಗಳು ಪಕ್ಕಕ್ಕೆ ಹೋಗುತ್ತವೆ, ಹಲ್ಲು ಕಾಣುತ್ತದೆ. ಕೆನ್ನೆ ಮೇಲೇರುವುದಿಲ್ಲ, ಕಣ್ಣಿಗೆ ಸುದ್ದಿಯೇ ಮುಟ್ಟುವುದಿಲ್ಲ. ಫ್ರಾನ್ಸಿನ ನರರೋಗ ತಜ್ಞ ಡುಶೆನ್ 1862ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಚಿತ್ರ ಸಮೇತ ತೋರಿಸಿದ್ದರು. ಮುಖದ ಸ್ಪರ್ಶಜ್ಞಾನ ಕುಂದಿದ್ದ ಒಬ್ಬ ಮುದುಕನ ಕೆನ್ನೆಗೆ ಸಣ್ಣ ವಿದ್ಯುತ್ ಕೊಟ್ಟು, ತುಟಿಯನ್ನು ಎಳೆಯುವ ಸ್ನಾಯುವನ್ನಷ್ಟೇ ಕುಗ್ಗಿಸಿದರು. ಬಾಯಿ ನಕ್ಕಿತು, ಮುಖ ನಗಲಿಲ್ಲ. ಸಂತೋಷದ ನಗು ಅನ್ನಿಸಬೇಕಾದರೆ ಕಣ್ಣಿನ ಸುತ್ತಲಿನ ಸ್ನಾಯುವೂ ಸೇರಬೇಕು ಎಂಬುದು ಅವರ ತೀರ್ಮಾನ. ಮುಂದೆ ಚಾರ್ಲ್ಸ್ ಡಾರ್ವಿನ್ ಆ ವಿದ್ಯುತ್ ನಗುವಿನ ಚಿತ್ರವನ್ನು 24 ಜನರಿಗೆ ತೋರಿಸಿದರು. ಮೂವರಿಗೆ ಅದೇನು ಭಾವವೆಂದೇ ತಿಳಿಯಲಿಲ್ಲ. ಉಳಿದವರಿಗೆ ನಗುವಿನಂತೆ ಕಂಡಿತು, ಆದರೆ ಅವರ ಉತ್ತರಗಳಲ್ಲಿ ಸಂತೋಷದ ಹೆಸರು ಬರಲಿಲ್ಲ.

ಈ ಶೋಧನೆಯ ಬೆನ್ನಿಗೇ ಇನ್ನೊಂದು ನಂಬಿಕೆ ಹುಟ್ಟಿಕೊಂಡಿದೆ: ಕಣ್ಣಂಚು ಸುಕ್ಕಾದರೆ ಅಪ್ಪಟ ನಗು, ಅದನ್ನು ಬೇಕೆಂದು ತರಲು ಯಾರಿಂದಲೂ ಆಗದು ಎಂದು. ಅದೂ ಸರಿಯಲ್ಲ. ಮನಃಶಾಸ್ತ್ರಜ್ಞರಾದ ಎವಾ ಕ್ರುಮ್‌ಹುಬರ್ ಮತ್ತು ಆಂಟನಿ ಮ್ಯಾನ್‌ಸ್ಟೆಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನೇಕರು ಬೇಕೆಂದೇ ಕಣ್ಣು ಸೇರಿಸಿ ನಕ್ಕು ತೋರಿಸಿದರು. ಬಾಯಿತುಂಬ ನಕ್ಕರೆ ಕೆನ್ನೆ ಹೇಗೂ ಮೇಲೇರಿ ಕಣ್ಣಂಚನ್ನು ಒತ್ತುತ್ತದೆ. ಹಾಗಾಗಿ ಫೋಟೋದಲ್ಲಿ ಸುಕ್ಕು ಹುಡುಕಿ ‘ಇವಳದು ಸುಳ್ಳು ನಗು’ ಎಂದು ತೀರ್ಪು ಕೊಡುವುದು ಅನ್ಯಾಯ. ಸುಕ್ಕನ್ನು ತರುವ ಸಾಹಸವೂ ಬೇಡ. ಇಷ್ಟವಾದವರೊಬ್ಬರನ್ನು ನೆನೆದುಕೊಂಡರೆ ಅಥವಾ ಪಕ್ಕದವರ ಮಾತಿಗೆ ಕಿವಿಕೊಟ್ಟರೆ ಕಣ್ಣು ತನ್ನ ಕೆಲಸ ಮಾಡಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಕನ್ನಡಿಯಲ್ಲಿ ಚೆನ್ನಾಗಿದ್ದ ನಗುವನ್ನು ಕ್ಯಾಮೆರಾ ಕೆಡಿಸುತ್ತದೆ

ಕನ್ನಡಿ ನಮ್ಮ ಎಡ ಬಲವನ್ನು ಅದಲು ಬದಲು ಮಾಡಿ ತೋರಿಸುತ್ತದೆ. ನಗುವಾಗ ತುಟಿಯ ಒಂದು ಮೂಲೆ ಕೊಂಚ ಮೇಲಿರುವುದು ಬಹುತೇಕ ಎಲ್ಲರಿಗೂ ಇದ್ದದ್ದೇ. ಫೋಟೋದಲ್ಲಿ ಅದು ಇನ್ನೊಂದು ಪಕ್ಕಕ್ಕೆ ಬಂದಾಗ ವಕ್ರವೆನ್ನಿಸುತ್ತದೆ. 1977ರಲ್ಲಿ ಅಮೆರಿಕದ ಮೂವರು ಮನಃಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚಿನವರು ತಮ್ಮದೇ ಚಿತ್ರದ ಕನ್ನಡಿ ರೂಪವನ್ನು ಮೆಚ್ಚಿದರು, ಅವರ ಆಪ್ತರು ನೇರ ರೂಪವನ್ನು ಮೆಚ್ಚಿದರು. ನಿಮಗೆ ಹಿಡಿಸದ ಫೋಟೋವನ್ನು ಅಮ್ಮ ‘ಎಷ್ಟು ಚೆಂದ ಬಂದಿದೀಯ’ ಎಂದರೆ ಅದು ಬರೀ ಮಮಕಾರವಲ್ಲ. ಅವರು ದಿನವೂ ನೋಡುವ ಮುಖ ಅದೇ. ಸೆಲ್ಫಿಯ ದೊಡ್ಡ ಮೂಗಿಗೆ ಮಾತ್ರ ಬೇರೆ ಕಾರಣ: ಫೋನ್ ಮುಖಕ್ಕೆ ತೀರಾ ಹತ್ತಿರವಿರುತ್ತದೆ. ಯಾರ ಕೈಗಾದರೂ ಕೊಟ್ಟು ನಾಲ್ಕೈದು ಅಡಿ ದೂರದಿಂದ ತೆಗೆಸಿ.

ತಪ್ಪು ಕಲ್ಪನೆ: ಹಿಂದಿನವರು ನಗದೇ ಇದ್ದದ್ದು ಕ್ಯಾಮೆರಾ ನಿಧಾನವಾಗಿದ್ದರಿಂದ

ಅರ್ಧ ಸತ್ಯ. 1839ರ ಡಾಗೆರೋಟೈಪ್ ಎಂಬ ಆರಂಭದ ವಿಧಾನದ ಚಿತ್ರಕ್ಕೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು, ನಿಜ. 1850ರ ದಶಕಕ್ಕೆ ಅದು ಸೆಕೆಂಡುಗಳಿಗೆ ಇಳಿಯಿತು, 1880ರ ದಶಕದ ಒಣ ಪ್ಲೇಟುಗಳು ಬಂದಾಗ ಸೆಕೆಂಡಿಗೂ ಕಡಿಮೆಯಾಯಿತು. ಆದರೂ ಜನ ಗಂಭೀರವಾಗಿಯೇ ಕೂತರು. ಫೋಟೋ ಎಂದರೆ ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ತೆಗೆಸುವ ವಸ್ತು, ತೈಲಚಿತ್ರದ ಘನತೆ ಅದಕ್ಕಿರಬೇಕು ಎಂಬ ರೂಢಿಯದು. 1900ರಲ್ಲಿ ಕೊಡಾಕ್ ಒಂದು ಡಾಲರಿಗೆ ಬ್ರೌನಿ ಕ್ಯಾಮೆರಾ ಮಾರತೊಡಗಿದ ಮೇಲೆ ಫೋಟೋ ಸ್ಟುಡಿಯೊ ಬಿಟ್ಟು ಮನೆಯಂಗಳಕ್ಕೆ ಬಂತು. ನಗುವೂ ಅದರೊಂದಿಗೆ ನಿಧಾನವಾಗಿ ಬಂತು. ನಡುಮನೆಯ ಗೋಡೆಯ ಮೇಲಿರುವ ಮುತ್ತಜ್ಜ ಸಿಡುಕನೆಂದು ಭಾವಿಸಲು ಆ ಫೋಟೋ ಸಾಕ್ಷಿಯಾಗದು.

ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿದವರನ್ನು ಬೈಯುವುದೂ ಬೇಡ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದಕ್ಕೊಂದು ಲೆಕ್ಕ ಕಟ್ಟಿ 2006ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ವಿಜ್ಞಾನ ಪ್ರಶಸ್ತಿ ಪಡೆದರು. 20ಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಮಂದ ಬೆಳಕಿನಲ್ಲಿ ಎರಡರಿಂದ. ಎಲ್ಲರ ಕಣ್ಣೂ ತೆರೆದಿರುವ ಒಂದು ಚಿತ್ರ ಸಿಗಲು ಅಷ್ಟು ಫೋಟೋ ತೆಗೆಯಬೇಕು. ಹದಿನೆಂಟು ಮಂದಿ ಇದ್ದರೆ ಹಗಲಲ್ಲಿ ಆರು, ಮಂದ ಬೆಳಕಿನ ಛತ್ರದೊಳಗೆ ಒಂಬತ್ತು.

ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುವ ಒಂದು ಮಾತಿದೆ: ‘ಹಲ್ಲು ಕಿರಿಯಬೇಡ, ಬಾಯಿ ಮುಚ್ಕೊಂಡು ನಗು.’ ಉಬ್ಬುಹಲ್ಲಿನ ಹುಡುಗಿಗೋ, ಹಲ್ಲು ಬಿದ್ದ ಮಗುವಿಗೋ ಇದನ್ನು ಹೇಳುತ್ತೇವೆ. ಹಲ್ಲು ಮುಚ್ಚಲು ತುಟಿ ಬಿಗಿಹಿಡಿದ ಕ್ಷಣವೇ ನಗು ಕೆಡುತ್ತದೆ, ಆ ಮಾತಿನ ನೋವು ಮಗುವಿನ ಮನಸ್ಸಿನಲ್ಲಿ ಎಷ್ಟೋ ವರ್ಷ ಉಳಿಯಬಲ್ಲದು. ಪಾಸ್‌ಪೋರ್ಟ್ ಫೋಟೋಗೆ ಬಾಯಿ ಮುಚ್ಚಿರಬೇಕೆಂಬ ನಿಯಮವಿದೆ, ಮನೆಯ ಫೋಟೋಗಿಲ್ಲ. ಮುಂದಿನ ಸಲ ಕ್ಯಾಮೆರಾ ನಿಮ್ಮ ಕೈಯಲ್ಲಿದ್ದರೆ ದಯವಿಟ್ಟು ಆ ಮಾತು ಬಿಡಿ. ಮಗುವನ್ನು ಎರಡು ಮಾತಾಡಿಸಿ, ಅದು ಉತ್ತರ ಕೊಡುತ್ತಿರುವಾಗಲೇ ಫೋಟೋ ತೆಗೆಯಿರಿ.